ಬೋರ್ ನೀರಿನ ಊರಲ್ಲಿ ಉದ್ದ ಕೂದಲು

ದಾವಣಗೆರೆಯಲ್ಲಿ ಗಂಡಸು ಕೂದಲು ಬಿಟ್ಟರೆ ಎಲ್ಲರೂ ಕೇಳುವುದು ಒಂದೇ: "ಯಾವ ದೇವರ ಹರಕೆ?" ತಿರುಪತಿಗಾ, ಉಚ್ಚಂಗಿದುರ್ಗದ ಎಲ್ಲಮ್ಮನಿಗಾ ಅಂತ ಅವರೇ ಹೆಸರೂ ಹೇಳುತ್ತಾರೆ. ಹರಕೆ ಏನಿಲ್ಲ, ಇಷ್ಟ ಆಯ್ತು, ಬಿಟ್ಟೆ ಅಂದರೆ ನಂಬುವುದಿಲ್ಲ. ಹಾಗಾಗಿ ಈಗ ನಕ್ಕು ಸುಮ್ಮನಾಗುತ್ತೇನೆ. ಆದರೆ ಹುಡುಗರು ಬಂದು "ಅಣ್ಣ, ಏನು ಹಚ್ಚುತ್ತೀರಿ?" ಅಂತ ಕೇಳಿದರೆ ಸುಮ್ಮನಿರಲು ಆಗಲ್ಲ. ಹಚ್ಚುವುದರಲ್ಲಿ ಅಂಥದ್ದೇನೂ ಇಲ್ಲ. ನಮ್ಮೂರಲ್ಲಿ ಕೂದಲು ಕೆಡುವುದು ನೀರಿನಿಂದ, ಹೆಲ್ಮೆಟ್ಟಿನಿಂದ, ಒದ್ದೆ ತಲೆ ಬಾಚುವುದರಿಂದ.

ನಾನು ಹಳೇ ಪಿ.ಬಿ. ರಸ್ತೆ ಕಡೆ ಮೋಟಾರ್ ರಿವೈಂಡಿಂಗ್ ಕೆಲಸ ಮಾಡುತ್ತೇನೆ. ಪಂಪು, ಮಿಕ್ಸಿ, ಗೀಸರ್ ಎಲ್ಲ ರಿಪೇರಿಗೆ ಬರುತ್ತವೆ. ಬೋರ್ ನೀರು ಬಳಸುವ ಮನೆಯ ಗೀಸರ್ ಬಿಚ್ಚಿದರೆ ಒಳಗೆ ಕಾಯಿಲ್ಲೇ ಕಾಣಿಸುವುದಿಲ್ಲ. ಸುತ್ತ ಬೆರಳು ದಪ್ಪ ಬಿಳಿ ಕರಣೆ ಕಟ್ಟಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಳಪದರ ಕಂದು, ಮೇಲಿನದು ಸುಣ್ಣದ ಹಾಗೆ. ಅದು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದೇ ನೀರನ್ನೇ ಅಲ್ವಾ ನಾವು ತಲೆಗೆ ಹುಯ್ದುಕೊಳ್ಳುವುದು? ಕೂದಲಿನ ಮೇಲೆ ಅಷ್ಟು ದಪ್ಪ ಕೂರಲ್ಲ. ಆದರೆ ತೆಳುವಾಗಿ ಕೂರುತ್ತದೆ. ಸೋಪಿನ ಜತೆ ಸೇರಿದರೆ ಅಂಟು ಜಿಡ್ಡಾಗುತ್ತದೆ. ಕೂದಲು ಒರಟಾಗುತ್ತದೆ, ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತದೆ, ಬಾಚಿದರೆ ಮುರಿಯುತ್ತದೆ. "ಕೂದಲು ಬುಡದಿಂದ ಉದುರ್ತಿದೆ" ಅಂತ ಹೆದರುವ ಎಷ್ಟೋ ಜನರಿಗೆ ಆಗುತ್ತಿರುವುದು ಈ ಮುರಿತ. ಉದುರಿದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಬುಡದಿಂದ ಬಂದದ್ದು. ಇಲ್ಲದಿದ್ದರೆ ನಡುವೆ ತುಂಡಾದದ್ದು.

ಕಾರ್ಪೊರೇಷನ್ ನಲ್ಲಿಯಲ್ಲಿ ಬರುವುದು ಹೊಳೆ ನೀರು, ಚಾನಲ್ ನೀರು. ತುಂಗಭದ್ರೆಯಿಂದಲೂ ಬರುತ್ತದೆ, ಭದ್ರಾ ಕಾಲುವೆಯಿಂದ ತುಂಬುವ ಕುಂದುವಾಡ ಕೆರೆಯಿಂದಲೂ ಬರುತ್ತದೆ. ಅದು ಬೋರ್ ನೀರಿಗಿಂತ ಎಷ್ಟೋ ಮೆತ್ತಗೆ. ಆದರೆ ದಿನಾ ಬಿಡಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ನಲ್ಲಿ ಬಂದ ದಿನ ಎರಡು ಬಕೆಟ್ ನನ್ನ ತಲೆಗೆ ಅಂತ ಎತ್ತಿಡುತ್ತೇವೆ. ಮೈಗೆ ಬೋರ್ ನೀರು, ತಲೆಗೆ ನಲ್ಲಿ ನೀರು. ಅಮ್ಮ ಇದಕ್ಕೆ ಬೈಯುತ್ತಾಳೆ, ಆದರೂ ಬಕೆಟ್ ಮುಚ್ಚಿಡುವವಳು ಅವಳೇ. ನಲ್ಲಿ ನೀರು ಸಾಲದಿದ್ದರೆ ತೊಳೆಯುವುದು ಬೋರ್ ನೀರಲ್ಲಿ, ಕೊನೆಯ ಎರಡು ಚೊಂಬು ಮಾತ್ರ ನಲ್ಲಿಯದ್ದು. ಅಷ್ಟಕ್ಕೇ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ತಾರಸಿ ನೀರು ಹಿಡಿದರೆ ಇನ್ನೂ ಚೆಂದ. ಮೊದಲ ಮಳೆಯದ್ದು ಬೇಡ, ಅದರಲ್ಲಿ ತಾರಸಿಯ ಧೂಳೆಲ್ಲ ಇರುತ್ತದೆ. ಬೋರ್ ನೀರು ಕುದಿಸಿ ತಣಿಸಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸ್ವಲ್ಪ ಗಡಸು ಇಳಿಯುತ್ತದೆ, ಪಾತ್ರೆ ತಳದಲ್ಲಿ ಬಿಳಿ ಪುಡಿ ಕೂರುವುದು ಅದೇ. ಎಲ್ಲವೂ ಹೋಗಲ್ಲ. ಒಂದು ದೊಡ್ಡ ಚೊಂಬು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಸೋಸಿ, ಕೊನೆಗೆ ಹುಯ್ದುಕೊಂಡು ಒಂದು ನಿಮಿಷ ಬಿಟ್ಟು ತೊಳೆಯುವುದು ನನಗೆ ಹಿಡಿಸಿದೆ. ಹುಳಿಗೆ ಆ ಬಿಳಿ ಪದರ ಸಡಿಲವಾಗುತ್ತದೆ. ಗೀಸರ್ ಕಾಯಿಲ್ಲನ್ನೂ ನಾವು ಅಂಗಡಿಯಲ್ಲಿ ಆಸಿಡ್ಡಿನಲ್ಲೇ ತೊಳೆಯುವುದು, ಆದರೆ ಆ ಆಸಿಡ್ ತಲೆ ಹತ್ತಿರಕ್ಕೂ ತರಬೇಡಿ. ನಿಂಬೆ ದಿನಾ ಬೇಡ, ಹದಿನೈದು ದಿನಕ್ಕೊಮ್ಮೆ ಸಾಕು. ತಲೆಯಲ್ಲಿ ಗಾಯ, ಗೀರು ಇದ್ದರೆ ಉರಿಯುತ್ತದೆ, ಆಗ ಬಿಡಿ.

ತಲೆ ತೊಳೆಯುವುದು ವಾರಕ್ಕೆ ಎರಡು ಸಲ. ಭಾನುವಾರ ಸೀಗೆಕಾಯಿ, ಮಧ್ಯೆ ಒಂದು ದಿನ ಶಾಂಪೂ. ಸೀಗೆಪುಡಿಯನ್ನು ನೇರ ಹಾಕಿದರೆ ಉದ್ದ ಕೂದಲಲ್ಲಿ ಚೂರುಗಳು ಸಿಕ್ಕಿಕೊಂಡು ಎರಡು ದಿನವಾದರೂ ಉದುರುತ್ತಿರುತ್ತವೆ. ಅದಕ್ಕೆ ಇಡೀ ಕಾಯಿ, ನಾಲ್ಕು ಅಂಟುವಾಳಕಾಯಿ ಸೇರಿಸಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಹಳೇ ಪಂಚೆಯಲ್ಲಿ ಸೋಸುತ್ತೇನೆ. ಆ ಕಂದು ನೀರು ಸಾಕು. ಕಣ್ಣಿಗೆ ಬಿದ್ದರೆ ಮಾತ್ರ ಬೇರೆ ಕೆಲಸ ಬೇಡ, ಅಷ್ಟು ಉರಿ. ಶಾಂಪೂ ಬುಡಕ್ಕೆ ಮಾತ್ರ, ತುದಿಗೆ ಅದರ ನೊರೆ ಇಳಿದು ಹೋದರೆ ಆಯ್ತು. ಕಂಡೀಷನರ್ ಉಲ್ಟಾ: ಕಿವಿಯಿಂದ ಕೆಳಗೆ ಮಾತ್ರ. ಯಾವ ಕಂಪನಿ ಅಂತ ಕೇಳಬೇಡಿ. ಅಂಗಡಿಯಲ್ಲಿ ಒಂದು ರೂಪಾಯಿ ಸ್ಯಾಶೆಯೂ ನಡೆಯುತ್ತದೆ. ಬಟ್ಟೆ ಸೋಪು, ಮೈ ಸೋಪು ಮಾತ್ರ ತಲೆಗೆ ಬೇಡ, ಬೋರ್ ನೀರಿಗೆ ಅದು ಇನ್ನೂ ಕೆಟ್ಟದ್ದು.

ಎಣ್ಣೆಯ ವಿಷಯಕ್ಕೆ ಬಂದರೆ ಊರಿಗೊಂದು ಮಾತು. ನಾನು ಗಾಣದ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಹಚ್ಚಲ್ಲ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ, ಬೇರೆ ಹಲವು ಎಣ್ಣೆಗಳು ಮೇಲೇ ನಿಲ್ಲುತ್ತವೆ. ತೊಳೆಯುವ ಮೊದಲು ಒಂದೆರಡು ಗಂಟೆ ಹಚ್ಚಿಟ್ಟರೆ ನೀರಲ್ಲಿ ಕೂದಲು ಉಬ್ಬುವುದು ಕಡಿಮೆ. ಹರಳೆಣ್ಣೆ ಅಂಟು ಜಾಸ್ತಿ, ಉದ್ದ ಕೂದಲಿಗೆ ತೊಳೆದು ತೆಗೆಯುವುದೇ ದೊಡ್ಡ ಕೆಲಸ. ಚಳ್ಳಕೆರೆ ಶೇಂಗಾ ಎಣ್ಣೆ ಒಗ್ಗರಣೆಗೆ ಇರಲಿ. ಈರುಳ್ಳಿ ರಸ ಹಚ್ಚಿ ಅಂತ ಹೇಳಿದವರಿಗೆ ಕೈ ಮುಗಿದು ಬಿಟ್ಟಿದ್ದೇನೆ. ಇಡೀ ದಿನ ಆ ವಾಸನೆ ಹೊತ್ತು ಗಿರಾಕಿ ಜತೆ ಮಾತಾಡುವುದು ಯಾರಿಂದ ಆಗುತ್ತೆ? ಎಣ್ಣೆ ಹಚ್ಚಿದರೆ ಕೂದಲು ಬೇಗ ಬೆಳೆಯುತ್ತದೆ ಅನ್ನುವುದೂ ಸುಳ್ಳು. ಬೆಳೆಯುವುದು ಬುಡದಲ್ಲಿ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂಟಿಮೀಟರ್. ಚಿಕ್ಕ ಕಟಿಂಗಿನಿಂದ ಭುಜ ಮುಟ್ಟಲು ಎರಡು ವರ್ಷ ಹಿಡಿಯುತ್ತದೆ ಅಂತ ಮನಸ್ಸಲ್ಲಿ ಇಟ್ಟುಕೊಳ್ಳಿ.

ಹೊಟ್ಟಿಗೆ ಎಣ್ಣೆ ಮದ್ದು ಅಂತ ನಮ್ಮಲ್ಲಿ ಬಲವಾದ ನಂಬಿಕೆ. ತಲೆಯಲ್ಲಿ ಇರುವ ಒಂದು ಜಾತಿ ಶಿಲೀಂಧ್ರ ಜಿಡ್ಡನ್ನೇ ತಿಂದು ಬದುಕುತ್ತದೆ, ಎಣ್ಣೆ ಹಾಕಿದಷ್ಟೂ ಅದಕ್ಕೆ ಹಬ್ಬ. ಹೊಟ್ಟು ಬಂದ ತಿಂಗಳು ನಾನು ಬುಡಕ್ಕೆ ಎಣ್ಣೆ ಮುಟ್ಟಿಸಲ್ಲ. ಮೆಡಿಕಲ್ಲಿನಲ್ಲಿ ಸಿಗುವ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುತ್ತೇನೆ. ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಬರದಿದ್ದರೆ ಚರ್ಮದ ಡಾಕ್ಟರ್.

ಅತಿ ಕಷ್ಟದ ಕಾಲ ಅಂದರೆ ಆರನೇ ತಿಂಗಳಿಂದ ಒಂದು ವರ್ಷದವರೆಗೆ. ಕಟ್ಟಲು ಸಾಲಲ್ಲ, ಬಿಟ್ಟರೆ ಕಣ್ಣಿಗೆ ಬೀಳುತ್ತದೆ, ಕಿವಿ ಮೇಲೆ ಎರಡು ಕಡೆ ಎದ್ದು ನಿಲ್ಲುತ್ತದೆ. ನೂರಕ್ಕೆ ತೊಂಬತ್ತು ಜನ ಇಲ್ಲೇ ಕೈಬಿಡುತ್ತಾರೆ ಅಂತ ನನ್ನ ಲೆಕ್ಕ. ನಾನು ತಲೆಗೆ ಬಟ್ಟೆ ಪಟ್ಟಿ ಕಟ್ಟಿ, ಮೇಲೆ ಟೋಪಿ ಹಾಕಿ ದಾಟಿದೆ. ಆ ಹೊತ್ತಿಗೆ ಮನೆಯಲ್ಲಿ ಹೆಣ್ಣು ನೋಡುವ ಮಾತೂ ಶುರುವಾಗಿತ್ತು. ಒಬ್ಬರು ಮಾವನಾಗಬೇಕಾದವರು "ಹುಡುಗ ನಾಟಕದವನಾ?" ಅಂತ ಕೇಳಿ ಹೋದರು. ಹೋಗಲಿ ಬಿಡಿ.

ಕಟ್ಟುವಷ್ಟು ಬೆಳೆದ ಮೇಲೆ ಬಳೆ ಅಂಗಡಿಗೆ ಹೋಗಬೇಕು. "ಯಾರಿಗೆ?" ಅಂತ ಕೇಳುತ್ತಾರೆ. "ನನಗೇ" ಅಂದರೆ ಅಕ್ಕಪಕ್ಕದ ಹೆಂಗಸರು ತಿರುಗಿ ನೋಡುತ್ತಾರೆ, ಆಮೇಲೆ ಅವರೇ ಒಳ್ಳೆಯದನ್ನು ಆರಿಸಿಕೊಡುತ್ತಾರೆ. ಬಟ್ಟೆ ಸುತ್ತಿದ ರಬ್ಬರು ತಗೊಳ್ಳಿ. ಹೋಟೆಲ್ ಪಾರ್ಸಲ್ಲಿಗೆ ಹಾಕುವ ಬರೀ ರಬ್ಬರ್ ಬ್ಯಾಂಡ್ ಕೂದಲನ್ನು ಹಿಡಿದು ಕೀಳುತ್ತದೆ. ಬಿಗಿಯಾಗಿ, ಒಂದೇ ಜಾಗದಲ್ಲಿ, ವರ್ಷಾನುಗಟ್ಟಲೆ ಜುಟ್ಟು ಕಟ್ಟಿದರೆ ಹಣೆಯ ಅಂಚಿನ ಕೂದಲು ಹೋಗುತ್ತದೆ, ಕೆಲವೊಮ್ಮೆ ವಾಪಸ್ಸೇ ಬರಲ್ಲ. ಹುಬ್ಬು ಮೇಲಕ್ಕೆ ಎಳೆದ ಹಾಗೆ ಅನಿಸಿದರೆ ಅದು ಬಿಗಿ ಜಾಸ್ತಿ ಆಯಿತು ಅಂತ.

ಬೈಕಿನ ವಿಷಯ ಹೇಳಲೇಬೇಕು. ಹರಿಹರಕ್ಕೆ, ಚಿತ್ರದುರ್ಗಕ್ಕೆ ಕೆಲಸದ ಮೇಲೆ ಹೆದ್ದಾರಿಯಲ್ಲಿ ಓಡಾಡುತ್ತೇನೆ. ದುರ್ಗದ ಕಡೆ ಗಾಳಿ ಅಂದರೆ ಗಾಳಿ, ಗುಡ್ಡದ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳು ಸುಮ್ನೆ ನಿಂತಿಲ್ಲ. ಬಿಟ್ಟ ಕೂದಲಲ್ಲಿ ಹೋದರೆ ಇಳಿಯುವ ಹೊತ್ತಿಗೆ ಹಗ್ಗ. ಮೇಲೆ ಗಂಟು ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರಲ್ಲ, ಅದು ಅಪಾಯ. ಅದಕ್ಕೆ ಕುತ್ತಿಗೆ ಹತ್ತಿರ ಸಡಿಲ ಜಡೆ ಹಾಕಿ, ಅಂಗಿ ಒಳಗೆ ಬಿಟ್ಟು, ತಲೆಗೆ ತೆಳು ಕಾಟನ್ ಬಟ್ಟೆ ಸುತ್ತಿ, ಮೇಲೆ ಹೆಲ್ಮೆಟ್. ಬಟ್ಟೆ ಬೆವರು ಹೀರುತ್ತದೆ, ತಿಕ್ಕಾಟ ತಪ್ಪಿಸುತ್ತದೆ. ದಿನಾ ಒಗೆಯಬೇಕು. ಜಡೆ ಹಾಕುವುದನ್ನು ತಂಗಿ ಹೇಳಿಕೊಟ್ಟಳು, ಕನ್ನಡಿ ನೋಡದೆ ಬೆರಳಲ್ಲೇ ಕಲಿಯಬೇಕು. ರಾತ್ರಿ ಮಲಗುವಾಗಲೂ ಅದೇ ಸಡಿಲ ಜಡೆ.

ವರ್ಕ್‌ಶಾಪಿನಲ್ಲಿ ಮಾತ್ರ ಜಡೆಯೂ ಇಲ್ಲ. ಡ್ರಿಲ್ಲಿಂಗ್ ಮಷೀನು, ಗ್ರೈಂಡರ್, ವೈಂಡಿಂಗ್ ಮಷೀನು ಯಾವುದರ ಹತ್ತಿರ ಹೋಗುವ ಮೊದಲೂ ತುರುಬು ಕಟ್ಟಿ, ಕಿವಿ ಮುಚ್ಚುವ ಟೋಪಿಯೊಳಗೆ ತುರುಕುತ್ತೇನೆ. ಒಂದು ಎಳೆಯೂ ಹೊರಗೆ ಕಾಣಬಾರದು. ತಿರುಗುವ ಶಾಫ್ಟು ಕೂದಲು ಹಿಡಿದರೆ ನೆತ್ತಿಯನ್ನೇ ಕಿತ್ತುಕೊಂಡು ಹೋಗುತ್ತದೆ, ಸ್ವಿಚ್ ಆಫ್ ಮಾಡುವಷ್ಟು ಸಮಯ ಸಿಗಲ್ಲ. ಲೇತ್ ಕೆಲಸದ ಹುಡುಗರಿಗೆ ನಾನು ನೇರ ಹೇಳುವುದು: ಟೋಪಿ ಹಾಕಲ್ಲ ಅನ್ನುವವನು ಕೂದಲು ಬಿಡಬೇಡ.

ಬಾಚುವುದು ಹೇಗೆ? ಒದ್ದೆ ಕೂದಲು ಎಳೆದರೆ ಉದ್ದವಾಗುತ್ತದೆ, ಹಿಗ್ಗಿ ಮುರಿಯುತ್ತದೆ. ಅದಕ್ಕೆ ಸ್ನಾನ ಆದ ಮೇಲೆ ಟವಲಿನಿಂದ ಉಜ್ಜಲ್ಲ. ಹಳೇ ಬನಿಯನ್ ಸುತ್ತಿ ನೀರು ಹೀರಲು ಬಿಡುತ್ತೇನೆ. ಮುಕ್ಕಾಲು ಒಣಗಿದ ಮೇಲೆ ಅಗಲ ಹಲ್ಲಿನ ಮರದ ಹಣಿಗೆ. ಮೊದಲು ತುದಿಯ ನಾಲ್ಕು ಬೆರಳಷ್ಟು. ಅಲ್ಲಿ ಸಿಕ್ಕು ಬಿಟ್ಟ ಮೇಲೆ ಒಂದು ಗೇಣು ಮೇಲಿನಿಂದ. ಆಮೇಲೆ ಬುಡದಿಂದ. ಗಟ್ಟಿ ಗಂಟು ಸಿಕ್ಕರೆ ಅದರ ಮೇಲ್ಗಡೆ ಎಡಗೈಯಿಂದ ಬಿಗಿ ಹಿಡಿದು, ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಎಳೆ ಎಳೆ ಬಿಡಿಸುತ್ತೇನೆ. ವೈಂಡಿಂಗ್ ತಂತಿ ಬಿಡಿಸಿ ಅಭ್ಯಾಸ ಇರುವುದರಿಂದ ತಾಳ್ಮೆಗೆ ಬರವಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಉದ್ದ ಇದ್ದಾಗ ಅಷ್ಟೇ ಕೂದಲು ದೊಡ್ಡ ಉಂಡೆಯಾಗಿ ಕಾಣುತ್ತದೆ, ಹೆದರಬೇಡಿ.

ಹೆದರಿಸಿದ ಒಂದು ಕಾಲ ನನಗೂ ಬಂತು. ಡೆಂಗಿ ಜ್ವರ ವಾಸಿಯಾಗಿ ಎರಡು ಮೂರು ತಿಂಗಳಾದ ಮೇಲೆ ಕೈ ಆಡಿಸಿದಲ್ಲೆಲ್ಲ ಹಿಡಿ ಹಿಡಿ ಬಂತು. ಶಾಂಪೂ ಬದಲಿಸು, ನೀರು ಬದಲಿಸು ಅಂತ ಎಲ್ಲರೂ ಹೇಳಿದರು. ಚರ್ಮದ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ, ಥೈರಾಯಿಡ್ ನೋಡಿ, ಇದು ಜ್ವರದ ಪೆಟ್ಟು ಅಂದರು. ಜೋರು ಜ್ವರ ಬಂದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ, ಉದುರುವುದು ತಿಂಗಳುಗಳ ನಂತರ. ಹಾಗಾಗಿ ಜನ ಜ್ವರವನ್ನು ಮರೆತು ಶಾಂಪೂ ಬೈಯುತ್ತಾರೆ. ಔಷಧಿ ಏನೂ ಕೊಡಲಿಲ್ಲ. ಮೊಟ್ಟೆ, ಕಾಳು, ಸೊಪ್ಪು ತಿನ್ನು ಅಂದರು. ಆರು ತಿಂಗಳೊಳಗೆ ನಿಂತಿತು, ಹಣೆಯ ಮೇಲೆ ಮೊಳಕೆ ಕೂದಲು ಬಂತು. ಆದರೆ ಹಣೆ ಎರಡೂ ಕಡೆ ಹಿಂದಕ್ಕೆ ಸರಿಯುವುದು, ನೆತ್ತಿ ತೆಳುವಾಗುವುದು ಬೇರೆ ಕಥೆ. ಅದು ವಂಶದ್ದು, ಹಾರ್ಮೋನಿನದ್ದು. ಅದಕ್ಕೆ ಎಣ್ಣೆಯೂ ಇಲ್ಲ, ಸೀಗೆಯೂ ಇಲ್ಲ, ಬೇಗ ಡಾಕ್ಟರ್ ಹತ್ತಿರ ಹೋದರೆ ಮಿನಾಕ್ಸಿಡಿಲ್ ಥರದ ಔಷಧಿ ಇದೆ.

ಕಟಿಂಗ್ ಶಾಪಿಗೆ ಹೋಗುವುದು ಕಡಿಮೆ. "ಸ್ವಲ್ಪ" ಅಂದರೆ ಅಲ್ಲಿ ನಾಲ್ಕು ಇಂಚು. ನಾಲ್ಕು ತಿಂಗಳಿಗೊಮ್ಮೆ ಸೀಳಿದ ತುದಿಯನ್ನು ತಂಗಿಯೇ ಅರ್ಧ ಇಂಚು ಕತ್ತರಿಸುತ್ತಾಳೆ. ಕತ್ತರಿ ಹರಿತ ಇರಬೇಕು, ಪೇಪರ್ ಕತ್ತರಿಸಿದ್ದು ಬೇಡ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅಂತಲ್ಲ, ಸೀಳು ಮೇಲಕ್ಕೆ ಹತ್ತದಿರಲಿ ಅಂತ.

ಭಾನುವಾರ ತಲೆ ತೊಳೆದ ದಿನ ಬೆಣ್ಣೆ ದೋಸೆ ಹೋಟೆಲಿಗೆ ಹೋಗಬಾರದು ಅಂತ ನನ್ನದೊಂದು ಕಾನೂನಿದೆ. ಸೌದೆ ಒಲೆಯ ಹೊಗೆ, ಬೆಣ್ಣೆ ವಾಸನೆ ಎರಡೂ ಕೂದಲಿಗೆ ಹತ್ತಿ ಮರುದಿನವೂ ಬಿಡಲ್ಲ. ಪಾಲಿಸಿದ ಭಾನುವಾರಗಳು ಕಡಿಮೆ.

ಪೂರ್ತಿ ತೆಗೆಸುವ ಮನಸ್ಸಾದರೆ ಒಂದು ಮಾತು. ಕ್ಯಾನ್ಸರ್ ರೋಗಿಗಳ ವಿಗ್ಗಿಗೆ ಕೂದಲು ಪಡೆಯುವವರಿದ್ದಾರೆ. ಸಾಮಾನ್ಯವಾಗಿ 12 ಇಂಚು ಅಥವಾ ಅದಕ್ಕಿಂತ ಉದ್ದ ಕೇಳುತ್ತಾರೆ, ಮೊದಲೇ ವಿಚಾರಿಸಿ. ತೊಳೆದು, ಪೂರ್ತಿ ಒಣಗಿಸಿ, ಜಡೆ ಹಾಕಿ, ಎರಡೂ ತುದಿಗೆ ರಬ್ಬರ್ ಕಟ್ಟಿ, ಮೇಲಿನ ರಬ್ಬರಿನ ಮೇಲ್ಗಡೆ ಕತ್ತರಿಸಬೇಕು. ನೆಲಕ್ಕೆ ಬಿದ್ದದ್ದನ್ನು ಗುಡಿಸಿ ಕೊಟ್ಟರೆ ತಗೊಳ್ಳಲ್ಲ.