ಹೊಳೆಸಾಲಿನ ಮನೆ: ನೆರೆ ಬರುವ ಮುಂಚೆ, ಇಳಿದ ಮೇಲೆ

ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಕೃಷ್ಣೆಗೆ ನೆರೆ ಬರಲು ನಮ್ಮೂರ ಮಳೆಯೇ ಬೇಕೆಂದಿಲ್ಲ. ಇಲ್ಲಿ ಬಿಸಿಲು ಕಾಯುತ್ತಿರುತ್ತದೆ, ಘಟ್ಟದಲ್ಲಿ ಸುರಿದ ನೀರು ಹೊಳೆಗೆ ಬಂದು ಸೇರಿರುತ್ತದೆ. ಮುಗಿಲು ನೋಡಿ ಲೆಕ್ಕ ಹಾಕಿದವರೇ ಪ್ರತಿ ಸಲ ಸಿಕ್ಕಿಬೀಳುವುದು. ಜುಲೈ, ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಬರುತ್ತಿದೆ ಎಂದು ದಿನಾ ವಿಚಾರಿಸಿ. ಘಟಪ್ರಭೆಯ ದಂಡೆಯ ಗೋಕಾಕ, ಮುಧೋಳದವರು ಹಿಡಕಲ್ ಅಣೆಕಟ್ಟು ನೋಡಬೇಕು. ಮಲಪ್ರಭೆಯ ರಾಮದುರ್ಗ, ಬಾದಾಮಿ ಹೊಳೆಸಾಲಿನವರು ನವಿಲುತೀರ್ಥ ಅಣೆಕಟ್ಟು. 2019ರ ಆಗಸ್ಟ್‌ನಲ್ಲಿ ಮೂರೂ ಹೊಳೆ ಒಟ್ಟಿಗೇ ಉಕ್ಕಿದ್ದವು.

ನೀರಿನ ಅಂಚಿಗೆ ಒಂದು ಗೂಟ ಹುಗಿದು ಗೇಣಿನ ಗುರುತು ಹಾಕಿ, ತಾಸಿಗೊಮ್ಮೆ ನೋಡಿ. ಆದರೆ ಮನೆ ಹೊಸ್ತಿಲಿಗೆ ಎಷ್ಟು ಗೇಣು ಬಾಕಿ ಎಂದು ಎಣಿಸಬೇಡಿ. ಊರ ದಾರಿಯ ಅತಿ ತಗ್ಗಿನ ಜಾಗಕ್ಕೆ ಎಷ್ಟು ಎಂದು ಎಣಿಸಿ. ಹೊಳೆ ನೀರು ಹಳ್ಳಕ್ಕೆ ಹಿಂದೊತ್ತಿ ಸೇತುವೆ ಮೊದಲು ಮುಳುಗುತ್ತದೆ, ಮನೆ ಆಮೇಲೆ. ತಾಸಿಗೆ ಅರ್ಧ ಗೇಣು ಏರುತ್ತಿದ್ದು ದಾರಿಗೆ 3 ಗೇಣು ಉಳಿದಿದ್ದರೆ ನಿಮ್ಮ ಕೈಯಲ್ಲಿರುವುದು 6 ತಾಸು. ಏರುವ ವೇಗ ಹೆಚ್ಚಿದರೆ ಅದೂ ಇಲ್ಲ. ಅರ್ಧ ಹೊತ್ತು ಇರುವಾಗಲೇ ಹೊರಡಿ.

ಗಂಟು ಕಟ್ಟುವುದು ಸುಲಭ. ಐದು ಜನರ ಮನೆಗೆ 3 ದಿನಕ್ಕೆ 45 ಲೀಟರ್ ಕುಡಿಯುವ ನೀರು, ನೂರು ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಇಷ್ಟಕ್ಕೆ ಒಲೆಯೇ ಬೇಡ. ರೊಟ್ಟಿ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಬೂಸರು ಹಿಡಿಯುತ್ತದೆ, ಪೂರ್ತಿ ಆರಲಿ. ಹೊಲ-ಮನೆಯ ಉತಾರ, ಆಧಾರ್, ಪಾಸ್‌ಬುಕ್‌ಗಳನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಮನೆಯ ನಾಲ್ಕೂ ಗೋಡೆಯ ಫೋಟೊ ಈಗಲೇ ತೆಗೆದಿಡಿ. 2019ರಲ್ಲಿ ಪರಿಹಾರಕ್ಕಾಗಿ ಮನೆ ಎಷ್ಟು ಬಿದ್ದಿದೆ ಎಂದು ನೋಡಿ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ತಕರಾರು ಎದ್ದದ್ದು ಅಲ್ಲೇ.

ಹೊರಡುವಾಗ ಮೇನ್ ಸ್ವಿಚ್ ಆರಿಸಿ. ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಕಂಬಕ್ಕೆ ಕಟ್ಟಿ: ತುಂಬಿದ ಸಿಲಿಂಡರೂ ತೇಲುತ್ತದೆ. ದನ ಕರೆದೊಯ್ಯಲು ಆಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಸಿಕ್ಕಿಕೊಂಡರೆ 112, ಜಿಲ್ಲಾ ಸಹಾಯವಾಣಿ 1077.

ಮಣ್ಣಿನ ಗೋಡೆಯ ಮನೆಯವರಿಗೆ ನಿಜವಾದ ಗಂಡಾಂತರ ನೀರು ಇಳಿದ ಮೇಲೆ. ನಿಂತ ನೀರು ಹೊರಗಿನಿಂದ ಗೋಡೆಗೆ ಆನಿಕೆ ಕೊಟ್ಟಿರುತ್ತದೆ. ಅದು ಸರಿದಾಗ ನೆನೆದು ಮೆತ್ತಗಾದ ಬುಡದ ಮೇಲೆ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಭಾರವೆಲ್ಲ ಕೂರುತ್ತದೆ. ಬಾಗಿಲು ಬಿಗಿಯಾಗಿದ್ದರೆ, ಬುಡದ ಮಣ್ಣು ಹಪ್ಪಳದಂತೆ ಕಳಚುತ್ತಿದ್ದರೆ ಒಳಗೆ ಕಾಲಿಡಬೇಡಿ. ಬಿರುಕಿಗೆ ಅಡ್ಡಲಾಗಿ ಹೊರಗಿನಿಂದಲೇ ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಹಚ್ಚಿ. ಮರುದಿನ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಹರಿಯದಿದ್ದರೂ ವಾರ ಬಿಸಿಲು ಬೀಳುವ ತನಕ ಆ ಮಾಡಿನಡಿ ಮಲಗುವುದು ಬೇಡ.

ಕಾಳು ತುಂಬಿಡುವ ನೆಲದಡಿಯ ಹಗೇವಿಗೆ ನೀರು ಹೊಕ್ಕಿದ್ದರೆ ಜೋಳ ಹುಳಿತು ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದಿಟ್ಟು ಬಿಡಿ, ಯಾರೂ ಇಳಿಯಬೇಡಿ. ಒಬ್ಬ ಬಿದ್ದರೆ ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಉಳಿಯುತ್ತಾನೆ.