ಆಂಬುಲೆನ್ಸ್‌ಗಾಗಿ ಮನೆ ಕಂದಾಯ: ಅಮೆರಿಕದ ಮತಪತ್ರ ಓದುವುದು ಹೇಗೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತ, ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆ ಮನೆ ಕೊಂಡು ನೆಲೆಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಪೌರತ್ವ ಸಿಕ್ಕಿ ಮೊದಲ ಮತಪತ್ರ ಅಂಚೆಯಲ್ಲಿ ಬಂದಾಗ ಅವರಲ್ಲಿ ಹಲವರು ತಬ್ಬಿಬ್ಬಾಗುತ್ತಾರೆ. ಅಭ್ಯರ್ಥಿಗಳ ಹೆಸರು ಇರುವುದು ಸರಿ. ಆದರೆ ಅದೇ ಹಾಳೆಯಲ್ಲಿ ‘ಈ ತೆರಿಗೆ ಹಾಕಬಹುದೇ, ಬೇಡವೇ’ ಅಂತಲೂ ಕೇಳಿರುತ್ತಾರೆ!

ನಮ್ಮಲ್ಲಿ ಹೀಗೆ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಮನೆ ಕಂದಾಯದ ಮೇಲೆ ಸೆಸ್ ಅಂತ ಒಂದಿಷ್ಟು ಸೇರಿಸುತ್ತಾರಲ್ಲ, ಕಂದಾಯದ ಶೇ 15 ಆರೋಗ್ಯಕ್ಕೆ, ಶೇ 6 ಗ್ರಂಥಾಲಯಕ್ಕೆ, ಶೇ 3 ಭಿಕ್ಷುಕರ ಪುನರ್ವಸತಿಗೆ. ಕಟ್ಟುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? 2008ರಲ್ಲಿ ಶುರುವಾದ ನಮ್ಮ 108 ಆಂಬುಲೆನ್ಸ್ ನಡೆಯುವುದು ಸರ್ಕಾರದ ಬಜೆಟ್ ದುಡ್ಡಿನಲ್ಲಿ. ಅದಕ್ಕೆ ಎಷ್ಟು ಕೊಡಬೇಕು ಅಂತ ಊರಿನವರನ್ನು ಯಾರೂ ಕೇಳಿಲ್ಲ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮಾತ್ರ 1979ರಿಂದಲೂ ಜನರನ್ನು ಮತ್ತೆ ಮತ್ತೆ ಕೇಳುತ್ತಲೇ ಬಂದಿದ್ದಾರೆ. ತುರ್ತು ವೈದ್ಯಕೀಯ ಸೇವೆಗೆಂದು (ಇಎಂಎಸ್) ಮನೆ, ಆಸ್ತಿಯ ಮೇಲೆ ಹಾಕುವ ಈ ತೆರಿಗೆಯನ್ನು ಅಲ್ಲಿನವರು ಇಎಂಎಸ್ ಲೆವಿ ಅನ್ನುತ್ತಾರೆ. ಹಳಬರ ಬಾಯಲ್ಲಿ ಮೆಡಿಕ್ ಒನ್ ಲೆವಿ.

ಮತಪತ್ರದಲ್ಲಿ ಇದರ ಬಗ್ಗೆ ಇರುವ ಸಾಲನ್ನು ಓದಿ, ಲೆಕ್ಕ ಹಾಕಿ, ಹೌದು ಅಥವಾ ಇಲ್ಲ ಅನ್ನುವುದು ಹೇಗೆ ಅಂತ ನೋಡೋಣ.

ಮೊದಲು, ದುಡ್ಡು ಯಾಕೆ ಬೇಕು ಅಂತ ತಿಳಿಯಿರಿ

ಆಂಬುಲೆನ್ಸ್ ಹತ್ತಿದವರು ಬಿಲ್ ಕಟ್ಟಿದರೆ ಸಾಲದೇ, ಇನ್ಶೂರೆನ್ಸ್ ಇದೆಯಲ್ಲ? ಸಹಜವಾದ ಪ್ರಶ್ನೆ. ಆದರೆ ಅಲ್ಲಿನ ಇನ್ಶೂರೆನ್ಸ್, ಹಿರಿಯರ ಮೆಡಿಕೇರ್ ಕೂಡ, ದುಡ್ಡು ಕೊಡುವುದು ರೋಗಿಯನ್ನು ಆಸ್ಪತ್ರೆಗೆ ಸಾಗಿಸಿದ್ದಕ್ಕೆ. ಕರೆ ಬರುವ ತನಕ ಕಾದು ಕೂತಿದ್ದಕ್ಕೆ ಯಾರೂ ಕೊಡುವುದಿಲ್ಲ. ಈ ಕೆಲಸದಲ್ಲಿ ದೊಡ್ಡ ಖರ್ಚು ಇರುವುದೇ ಆ ಕಾಯುವುದರಲ್ಲಿ.

ಸಣ್ಣ ಲೆಕ್ಕ ನೋಡಿ. ಒಂದು ಗಾಡಿಯಲ್ಲಿ ಯಾವಾಗಲೂ ಇಬ್ಬರು ಪ್ಯಾರಾಮೆಡಿಕ್ (ಗಂಭೀರ ಸ್ಥಿತಿಯ ತುರ್ತು ಚಿಕಿತ್ಸೆ ಕಲಿತವರು) ಇರಬೇಕು ಅಂದುಕೊಳ್ಳಿ. ವಾರಕ್ಕೆ 168 ಗಂಟೆ. ಇಬ್ಬರಿಗೆ 336. ಒಬ್ಬರು ವಾರಕ್ಕೆ 40 ಗಂಟೆ ದುಡಿದರೆ ಎಂಟು ಜನವೂ ಸಾಲುವುದಿಲ್ಲ. ರಜೆ, ತರಬೇತಿ, ಕಾಯಿಲೆ ಸೇರಿಸಿದರೆ ಒಂದೇ ಗಾಡಿಗೆ ಒಂಬತ್ತು ಹತ್ತು ಜನರ ಸಂಬಳ ಆಯಿತು. ಆ ದಿನ ಒಂದು ಕರೆ ಬಂದರೂ ಇಷ್ಟೇ, ಹದಿನೈದು ಬಂದರೂ ಇಷ್ಟೇ. ಎದೆ ನೋವು ಬಂದ ಮೇಲೆ ಇವರನ್ನೆಲ್ಲ ನೇಮಿಸಿಕೊಳ್ಳಲು ಆಗುತ್ತದೆಯೇ? ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತದೆ.

ಸಿಯಾಟಲ್‌ನಲ್ಲಿ ಇದಕ್ಕೊಂದು ಇತಿಹಾಸವೂ ಇದೆ. 1970ರಲ್ಲಿ ಹೃದಯ ತಜ್ಞ ಡಾ. ಲೆನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ ಮೆಡಿಕ್ ಒನ್ ಶುರು ಮಾಡಿದರು. ಫೈರ್ ಸರ್ವಿಸ್‌ನವರಿಗೇ ಹೃದಯಾಘಾತದ ತುರ್ತು ಚಿಕಿತ್ಸೆ ಕಲಿಸಿ ರೋಗಿಯ ಮನೆಗೇ ಕಳಿಸುವ ಯೋಚನೆ ಅದು. ಇವತ್ತಿಗೂ ಅಲ್ಲಿನ ಪ್ಯಾರಾಮೆಡಿಕ್‌ಗಳು ಕಲಿಯುವುದು ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ. 911ಕ್ಕೆ ಕರೆ ಮಾಡಿದರೆ ಮೊದಲು ಬರುವುದು ಹತ್ತಿರದ ಫೈರ್ ಸ್ಟೇಷನ್‌ನ ಇಎಂಟಿಗಳು, ಅಂದರೆ ಪ್ರಾಥಮಿಕ ತುರ್ತು ಚಿಕಿತ್ಸೆ ಕಲಿತ ಸಿಬ್ಬಂದಿ. ಸ್ಥಿತಿ ಗಂಭೀರ ಇದ್ದರೆ ಪ್ಯಾರಾಮೆಡಿಕ್‌ಗಳೂ ಹೊರಡುತ್ತಾರೆ. ಲೆವಿ ದುಡ್ಡಿನಲ್ಲಿ ಮೊದಲ ಪಾಲು ಈ ಪ್ಯಾರಾಮೆಡಿಕ್‌ಗಳಿಗೆ. ಇಎಂಟಿಗಳ ಖರ್ಚಿಗೆ ಸ್ವಲ್ಪ ಭಾಗ ಮಾತ್ರ ಸಿಗುತ್ತದೆ, ಉಳಿದದ್ದನ್ನು ಆಯಾ ಊರಿನ ಫೈರ್ ಸರ್ವಿಸ್ ಹೊರುತ್ತದೆ.

ಪ್ರಸ್ತಾಪ ಮತಪತ್ರದ ತನಕ ಬರುವ ದಾರಿ

ಯಾರೋ ಒಬ್ಬರು ಮನಸ್ಸು ಮಾಡಿದರೆ ಇದು ಮತಪತ್ರಕ್ಕೆ ಬರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಕಾನೂನು ಮೂರು ಬಗೆಯ ಲೆವಿಗೆ ಅವಕಾಶ ಕೊಡುತ್ತದೆ: ಆರು ವರ್ಷದ್ದು, ಹತ್ತು ವರ್ಷದ್ದು, ಕಾಯಂ. ಯಾವುದೇ ಆದರೂ ದರ 1,000 ಡಾಲರ್ ಬೆಲೆಯ ಆಸ್ತಿಗೆ 50 ಸೆಂಟ್ ಮೀರುವಂತಿಲ್ಲ. ಕೌಂಟಿ ಮತ್ತು ಊರು ಎರಡೂ ಹಾಕಿದರೆ ಎರಡೂ ಸೇರಿ ಅಷ್ಟರೊಳಗೇ ಇರಬೇಕು.

ಕಿಂಗ್ ಕೌಂಟಿ ಬಳಸುವುದು ಆರು ವರ್ಷದ್ದು. ಅವಧಿ ಮುಗಿಯುವ ಹೊತ್ತಿಗೆ ವೈದ್ಯರು, ಫೈರ್ ಸರ್ವಿಸ್‌ನವರು, ಊರುಗಳ ಚುನಾಯಿತ ಪ್ರತಿನಿಧಿಗಳು ಕೂತು ಮುಂದಿನ ಆರು ವರ್ಷಕ್ಕೆ ಎಷ್ಟು ಗಾಡಿ, ಎಷ್ಟು ಜನ, ಎಷ್ಟು ದುಡ್ಡು ಅಂತ ಯೋಜನೆ ಮಾಡುತ್ತಾರೆ. ಆಮೇಲೆ 50,000ಕ್ಕಿಂತ ಜಾಸ್ತಿ ಜನ ಇರುವ ಊರುಗಳ ಪೈಕಿ ಮುಕ್ಕಾಲು ಪಾಲು ಊರುಗಳ ಕೌನ್ಸಿಲ್ ಒಪ್ಪಬೇಕು. ಸಿಯಾಟಲ್ ಒಂದೇ ದೊಡ್ಡದು ಅಂತ ಅದರ ಮಾತೇ ನಡೆಯುವುದಿಲ್ಲ. ಬೆಲ್ವ್ಯೂ, ಕೆಂಟ್, ರೆಂಟನ್, ಕರ್ಕ್‌ಲ್ಯಾಂಡ್ ಇವೂ ಕೈ ಎತ್ತಬೇಕು.

ಎಷ್ಟು ಮತ ಬೇಕು ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಹೊಸದಾಗಿ ಲೆವಿ ಹಾಕಲು, ಅಥವಾ ಕಾಯಂ ಮಾಡಲು, ಶೇ 60 ಮತ ಬೇಕು. ಸಾಕಷ್ಟು ಜನ ಮತ ಹಾಕಿರಲೂ ಬೇಕು. ನಡೆಯುತ್ತಿರುವ ಲೆವಿಯನ್ನು ಮುಂದುವರಿಸಲು ಈಗ ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಮುಂಚೆ ಹಾಗಿರಲಿಲ್ಲ. 1997ರಲ್ಲಿ ಕಿಂಗ್ ಕೌಂಟಿಯ ಲೆವಿಗೆ ಬಹುಮತ ಸಿಕ್ಕಿತು, ಶೇ 60 ಸಿಗಲಿಲ್ಲ. ಬಿದ್ದುಹೋಯಿತು. ಮಾರನೇ ವರ್ಷ ಮತ್ತೆ ಜನರ ಮುಂದೆ ಹೋಗಿ ಗೆಲ್ಲಬೇಕಾಯಿತು.

ಆ 75 ಪದಗಳನ್ನು ಓದುವುದು

ಮತಪತ್ರದಲ್ಲಿ ಪ್ರಸ್ತಾಪದ ವಿವರಣೆ 75 ಪದ ದಾಟುವಂತಿಲ್ಲ. ಅಷ್ಟರಲ್ಲೇ ಎಲ್ಲ ತುರುಕಿರುತ್ತಾರೆ, ಹಾಗಾಗಿ ಓದಲು ಒಣಕಲು. ಹುಡುಕಬೇಕಾದ್ದು ನಾಲ್ಕು ವಿಷಯ. ಇದು ಹೊಸದೋ, ಹಳೆಯದರ ಬದಲಿಗೋ? ಎಷ್ಟು ವರ್ಷ? ಮೊದಲ ವರ್ಷದ ದರ ಎಷ್ಟು? ಯಾವ ವರ್ಷದಿಂದ ವಸೂಲಿ?

2025ರ ನವೆಂಬರ್‌ನಲ್ಲಿ ಜನ ಒಪ್ಪಿದ ಲೆವಿಯನ್ನೇ ತೆಗೆದುಕೊಳ್ಳಿ. ಹಳೆಯದರ ಬದಲಿಗೆ ಬಂದದ್ದು, ಆರು ವರ್ಷದ್ದು, 2026ರಿಂದ ವಸೂಲಿ, ಮೊದಲ ವರ್ಷದ ದರ 1,000 ಡಾಲರ್‌ಗೆ 25 ಸೆಂಟ್. ನಿಮ್ಮ ಮನೆಯ ಸರ್ಕಾರಿ ಬೆಲೆ 9 ಲಕ್ಷ ಡಾಲರ್ ಅಂದುಕೊಳ್ಳಿ. 900 ಸಾವಿರಕ್ಕೆ 25 ಸೆಂಟ್‌ನಂತೆ ವರ್ಷಕ್ಕೆ 225 ಡಾಲರ್. ತಿಂಗಳಿಗೆ 19 ಡಾಲರೂ ಆಗಲಿಲ್ಲ.

ಲೆಕ್ಕಕ್ಕೆ ಹಿಡಿಯಬೇಕಾದ್ದು ಅಸೆಸರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ಕೌಂಟಿ ಅಧಿಕಾರಿ, ಕಳಿಸಿದ ನೋಟಿಸಿನ ಬೆಲೆ. ಮನೆ ಮಾರುವ ವೆಬ್‌ಸೈಟ್‌ಗಳು ತೋರಿಸುವ ಬೆಲೆಯಲ್ಲ. ಅಸೆಸರ್ ಪ್ರತಿ ವರ್ಷ ಹೊಸ ಬೆಲೆ ಕಟ್ಟುತ್ತಾರೆ. ಅದು ಜಾಸ್ತಿ ಆಯಿತು ಅನಿಸಿದರೆ ನೋಟಿಸ್ ಬಂದ ಮೇಲೆ ಗಡುವಿನೊಳಗೆ ಮೇಲ್ಮನವಿ ಹಾಕಬಹುದು.

ದರ ನೋಡಿ ಮೋಸ ಹೋಗಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. 2019ರಲ್ಲಿ ಒಪ್ಪಿದ ಲೆವಿಯ ದರ 26.5 ಸೆಂಟ್. 2025ರಲ್ಲಿ ಒಪ್ಪಿದ್ದು 25. ಓ, ತೆರಿಗೆ ಕಡಿಮೆ ಆಯ್ತು ಅನಿಸುತ್ತದೆ, ಅಲ್ವಾ? ಆಗಲಿಲ್ಲ.

ವಾಷಿಂಗ್ಟನ್‌ನಲ್ಲಿ 2001ರಲ್ಲಿ ಜನರೇ ಮತ ಹಾಕಿ ಒಂದು ಮಿತಿ ತಂದರು. ಒಂದು ಸಂಸ್ಥೆ ಆಸ್ತಿ ತೆರಿಗೆಯಿಂದ ಎತ್ತುವ ಒಟ್ಟು ಮೊತ್ತ ವರ್ಷಕ್ಕೆ ಶೇ 1ಕ್ಕಿಂತ ಜಾಸ್ತಿ ಏರಬಾರದು. ಹೊಸ ಕಟ್ಟಡಗಳಿಂದ ಬರುವುದು ಮಾತ್ರ ಬೇರೆ ಲೆಕ್ಕ. 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ವರ್ಷ ಶಾಸಕರು ಮತ್ತೆ ತಂದರು. ಅಂದರೆ ಮಿತಿ ಇರುವುದು ಮೊತ್ತದ ಮೇಲೆ. ದರ ಅದಕ್ಕೆ ತಕ್ಕಂತೆ ಕೆಳಗಿಳಿಯುತ್ತದೆ.

ಸುಮ್ನೆ ಒಂದು ಊರು ಊಹಿಸಿಕೊಳ್ಳಿ. ಅಲ್ಲಿನ ಎಲ್ಲ ಆಸ್ತಿಯ ಬೆಲೆ 400 ಕೋಟಿ ಡಾಲರ್. ಸಾವಿರಕ್ಕೆ 25 ಸೆಂಟ್ ಅಂದರೆ ಮೊದಲ ವರ್ಷ 10 ಲಕ್ಷ ಡಾಲರ್ ಬಂತು. ಮಾರನೇ ವರ್ಷ ಬೆಲೆಗಳು ಶೇ 8 ಏರಿ 432 ಕೋಟಿ ಆದವು. ಆದರೆ ಎತ್ತಬಹುದಾದ್ದು 10 ಲಕ್ಷದ 10 ಸಾವಿರ ಅಷ್ಟೇ. ಹಂಚಿ ನೋಡಿದರೆ ದರ ಸುಮಾರು 23.4 ಸೆಂಟ್‌ಗೆ ಇಳಿಯಿತು. 8 ಲಕ್ಷದ ಮನೆಗೆ ಮೊದಲ ವರ್ಷ 200 ಡಾಲರ್ ಕಟ್ಟಿದವರು ಈಗ, ಮನೆ ಬೆಲೆ 8.64 ಲಕ್ಷ ಆದರೂ, 202 ಕಟ್ಟುತ್ತಾರೆ.

ಕಟ್ಟುವವರಿಗೆ ಖುಷಿಯೇ. ಆದರೆ ಪ್ಯಾರಾಮೆಡಿಕ್‌ಗಳ ಸಂಬಳ, ಔಷಧಿ, ಗಾಡಿ, ಡೀಸೆಲ್ ಎಲ್ಲವೂ ವರ್ಷಕ್ಕೆ ಶೇ 1ರಷ್ಟು ಮಾತ್ರ ಏರುತ್ತವೆಯೇ? ಹಾಗಾಗಿ ಮೊದಲ ವರ್ಷಗಳಲ್ಲಿ ಸ್ವಲ್ಪ ಉಳಿಸಿ, ಕೊನೆಯ ವರ್ಷಗಳಲ್ಲಿ ಅದನ್ನು ಬಳಸಿ ದಾಟುತ್ತಾರೆ. ಆರು ವರ್ಷ ಆದ ಮೇಲೆ ಜನರ ಮುಂದೆ ಬಂದು ದರವನ್ನು ಮತ್ತೆ ಮೇಲಕ್ಕೆ ಎತ್ತಿಸಿಕೊಳ್ಳುತ್ತಾರೆ. 26.5ರಿಂದ ಶುರುವಾದ ಲೆವಿ 2025ರ ಹೊತ್ತಿಗೆ 25ಕ್ಕಿಂತ ಕೆಳಗೆ ಇಳಿದಿತ್ತು. ಹಾಗಾಗಿ ಹೊಸ 25 ಸೆಂಟ್ ಅಂದರೆ ಏರಿಕೆಯೇ. ಹೋಲಿಸಬೇಕಾದ್ದು ಹಿಂದಿನ ವರ್ಷದ ಬಿಲ್‌ನಲ್ಲಿ ಇಎಂಎಸ್‌ಗೆ ನೀವು ಕಟ್ಟಿದ ಡಾಲರ್ ಮತ್ತು ಮುಂದಿನ ವರ್ಷ ಕಟ್ಟಬೇಕಾದ ಡಾಲರ್. ಪ್ರಚಾರದವರು, ಪರ ಇರಲಿ ವಿರೋಧ ಇರಲಿ, ತಮಗೆ ಬೇಕಾದ ಅಂಕಿ ಮಾತ್ರ ಎತ್ತಿ ಹಿಡಿಯುತ್ತಾರೆ.

ಆಸ್ತಿ ಬೆಲೆ ಬಿದ್ದರೆ ಕಥೆ ತಿರುಗಿಬೀಳುತ್ತದೆ. ಜನ ಒಪ್ಪಿದ ದರ ಮೀರುವಂತಿಲ್ಲವಾದ್ದರಿಂದ ಬರುವ ದುಡ್ಡೇ ಕಡಿಮೆಯಾಗಬಹುದು. ಆರ್ಥಿಕತೆ ಕುಸಿದಾಗ 911 ಕರೆಗಳೇನೂ ಕಡಿಮೆ ಆಗುವುದಿಲ್ಲ.

ಮತ ಯಾರಿಗೆ, ತೆರಿಗೆ ಯಾರಿಗೆ?

ಇದು ನಮ್ಮವರನ್ನು ಸ್ವಲ್ಪ ಚುಚ್ಚುವ ವಿಷಯ. ಎಚ್‌1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿ ಇರುವವರು ಮನೆ ಕೊಂಡರೆ ಲೆವಿ ಪೂರ್ತಿ ಕಟ್ಟಬೇಕು, ಮತ ಹಾಕುವಂತಿಲ್ಲ. ಬಾಡಿಗೆ ಮನೆಯಲ್ಲಿರುವ ಪೌರರು ಬಿಲ್ ಕಟ್ಟುವುದಿಲ್ಲ, ಮತ ಹಾಕಬಹುದು. ಬಾಡಿಗೆಯವರು ಪುಕ್ಕಟೆ ತೀರ್ಮಾನ ಮಾಡುತ್ತಾರೆ ಅಂತ ಕೆಲವು ಮನೆ ಮಾಲೀಕರು ಗೊಣಗುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಾಲೀಕರ ಕಂದಾಯ ಕೊನೆಗೆ ಬಾಡಿಗೆಯಲ್ಲಿ ಸೇರದೆ ಇರುವುದಿಲ್ಲ.

ಮತ ಇರುವವರು ಹೀಗೆ ಮಾಡಿ. ವಾಷಿಂಗ್ಟನ್‌ನಲ್ಲಿ ಮತದಾನ ಅಂಚೆಯಲ್ಲೇ. ಮತಪತ್ರದ ಜೊತೆಗೆ ಪರ, ವಿರೋಧ ಎರಡೂ ವಾದ ಇರುವ ಕೈಪಿಡಿ ಸಿಗುತ್ತದೆ. ಚೈನೀಸ್, ಕೊರಿಯನ್, ಸ್ಪ್ಯಾನಿಷ್, ವಿಯೆಟ್ನಾಮೀಸ್‌ನಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಅಭ್ಯರ್ಥಿಗಳ ಪಟ್ಟಿ ನೋಡಿ ಮುಗಿಯಿತು ಅಂತ ಬಿಡದೆ ಪ್ರಸ್ತಾಪಗಳನ್ನೂ ಹುಡುಕಿ ಗುರುತು ಹಾಕಿ. ಲಕೋಟೆಯ ಮೇಲೆ ಸಹಿ ಮರೆಯಬೇಡಿ. ಸಹಿ ಇಲ್ಲದಿದ್ದರೆ, ಅಥವಾ ದಾಖಲೆಯ ಸಹಿಗೆ ಹೊಂದದಿದ್ದರೆ, ಸರಿಪಡಿಸುವ ತನಕ ಮತ ಎಣಿಕೆಗೆ ಬರುವುದಿಲ್ಲ. ಸ್ಟಾಂಪ್ ಬೇಕಿಲ್ಲ. ಚುನಾವಣೆ ದಿನ ರಾತ್ರಿ 8ರೊಳಗೆ ಡ್ರಾಪ್ ಬಾಕ್ಸ್‌ಗೆ ಹಾಕಿದರೆ ಆಯಿತು. ಅಂಚೆಗೆ ಹಾಕುವುದಾದರೆ ಅದೇ ದಿನದ ಅಂಚೆ ಮುದ್ರೆ ಬೀಳಬೇಕು, ಆದ್ದರಿಂದ ಕೊನೆಯ ದಿನದ ತನಕ ಕಾಯದಿರುವುದೇ ವಾಸಿ.

ಫೈರ್ ಸ್ಟೇಷನ್‌ನವರನ್ನು ‘ಹೌದು ಅನ್ನಲೋ, ಇಲ್ಲ ಅನ್ನಲೋ’ ಅಂತ ಕೇಳಿದರೆ ಕೆಲಸದ ವೇಳೆಯಲ್ಲಿ ಅವರು ಹೇಳುವುದಿಲ್ಲ. ಸರ್ಕಾರದ ದುಡ್ಡು, ಜಾಗ, ಸಮಯ ಬಳಸಿ ಪ್ರಚಾರ ಮಾಡುವುದನ್ನು ರಾಜ್ಯದ ಕಾನೂನು ತಡೆಯುತ್ತದೆ. ಅಂಕಿ ಅಂಶ ಕೇಳಿದರೆ ಕೊಡಬಹುದು.

ಹೌದು ಅನ್ನುವ ಮುಂಚೆ ಕೇಳಬೇಕಾದ್ದು

ಕಿಂಗ್ ಕೌಂಟಿಯ ಅನುಭವವನ್ನು ಎಲ್ಲ ಕಡೆಗೂ ಹಚ್ಚಬೇಡಿ. ಅಲ್ಲಿ ಆಸ್ತಿಯ ಬೆಲೆ ಮುಗಿಲು ಮುಟ್ಟಿದೆ, ಹಾಗಾಗಿ 25 ಸೆಂಟಿಗೇ ದೊಡ್ಡ ಮೊತ್ತ ಕೂಡುತ್ತದೆ. ಅದೇ ರಾಜ್ಯದ ಈಶಾನ್ಯದ ಫೆರಿ ಕೌಂಟಿಗೆ ಹೋಗಿ. ಜನ ಕಡಿಮೆ, ನೆಲದ ಬಹುಪಾಲು ಅರಣ್ಯ ಮತ್ತು ಮೂಲನಿವಾಸಿಗಳ ಮೀಸಲು ಪ್ರದೇಶ. ಅಲ್ಲಿ 50 ಸೆಂಟ್ ಪೂರ್ತಿ ಹಾಕಿದರೂ ಎಷ್ಟು ಬಂದೀತು? ಆಸ್ಪತ್ರೆ ದೂರ ಇರುವ ಊರಿಗೇ ಆಂಬುಲೆನ್ಸ್ ಹೆಚ್ಚು ಬೇಕು, ಆ ಊರಿಗೇ ದುಡ್ಡು ಕಡಿಮೆ. ಈ ಪದ್ಧತಿಯ ದೊಡ್ಡ ಕೊರತೆ ಇದು. ಮತ ಎಷ್ಟು ಬಿದ್ದರೂ ಇದು ಸರಿಹೋಗುವುದಿಲ್ಲ.

ಬೇರೆ ರಾಜ್ಯಗಳಲ್ಲಿ ಅಳತೆಯೇ ಬೇರೆ. ಒಹಾಯೊ, ಮಿಶಿಗನ್ ಕಡೆ ಮಿಲ್ ಲೆಕ್ಕ. ಒಂದು ಮಿಲ್ ಅಂದರೆ ತೆರಿಗೆಗೆ ಒಳಪಡುವ ಬೆಲೆಯ 1,000 ಡಾಲರ್‌ಗೆ 1 ಡಾಲರ್. ಟೆಕ್ಸಸ್‌ನಲ್ಲಿ ತುರ್ತು ಸೇವೆಗೆಂದೇ ಬೇರೆ ಜಿಲ್ಲೆ ಮಾಡಲು ಜನ ಮತ ಹಾಕುತ್ತಾರೆ, ಮಿತಿ 100 ಡಾಲರ್‌ಗೆ 10 ಸೆಂಟ್. ಸಾವಿರಕ್ಕೋ ನೂರಕ್ಕೋ ಅಂತ ನೋಡದೆ ಡ್ಯಾಲಸ್‌ನ ಭಾವನ ಮನೆ ದರವನ್ನು ಸಿಯಾಟಲ್ ದರಕ್ಕೆ ಹೋಲಿಸಿದರೆ ಹತ್ತು ಪಟ್ಟು ತಪ್ಪಾಗುತ್ತದೆ.

ಇನ್ನೊಂದು ಪ್ರಶ್ನೆ: ಲೆವಿ ಕಟ್ಟಿದ ಮೇಲೂ ಬಿಲ್ ಬರುತ್ತದೆಯೇ? ಕಿಂಗ್ ಕೌಂಟಿಯಲ್ಲಿ ಪ್ಯಾರಾಮೆಡಿಕ್‌ಗಳು ತಮ್ಮ ಗಾಡಿಯಲ್ಲೇ ಕರೆದೊಯ್ದರೆ ಬಿಲ್ ಕಳಿಸದಿರುವುದು ರೂಢಿ. ಅಷ್ಟು ಗಂಭೀರ ಅಲ್ಲ ಅಂತ ಖಾಸಗಿ ಆಂಬುಲೆನ್ಸ್‌ನಲ್ಲಿ ಕಳಿಸಿದರೆ ಬಿಲ್ ಬರುತ್ತದೆ, ಅದೂ ಸಣ್ಣದಿರುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸುವಾಗ ಆಂಬುಲೆನ್ಸ್ ಸೇರಿದೆಯೇ ಅಂತ ನೋಡಿಕೊಳ್ಳಿ.

ಅವಧಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಕಾಯಂ ಲೆವಿಗಿಂತ ಆರು ವರ್ಷದ್ದೇ ಒಳ್ಳೆಯದು. ಚುನಾವಣೆಗೆ ಖರ್ಚಾಗುತ್ತದೆ, ಸೋಲುವ ಭಯವೂ ಇರುತ್ತದೆ, ನಿಜ. ಆದರೆ ಮತ್ತೆ ಕೇಳಲು ಬರಬೇಕು ಅನ್ನುವುದು ಗೊತ್ತಿದ್ದರೆ ಲೆಕ್ಕವನ್ನು ಜನರಿಗೆ ಅರ್ಥವಾಗುವ ಹಾಗೆ ಇಡುತ್ತಾರೆ. ಕಿಂಗ್ ಕೌಂಟಿಯ ಇಎಂಎಸ್ ವಿಭಾಗ ಪ್ರತಿ ವರ್ಷ ವರದಿ ಹೊರಡಿಸುತ್ತದೆ. ಹೃದಯ ನಿಂತವರಲ್ಲಿ ಎಷ್ಟು ಮಂದಿ ಬದುಕಿ ಮನೆಗೆ ಹೋದರು ಅನ್ನುವುದೂ ಅದರಲ್ಲಿ ಇರುತ್ತದೆ. ನಿಮ್ಮ ಊರಿನ ಲೆವಿಗೂ ಅಂಥ ವರದಿ ಇದೆಯೇ ಅಂತ ವಿಚಾರಿಸಿ. ಇಲ್ಲದಿದ್ದರೆ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಅದಕ್ಕೆ ಪೌರತ್ವ ಬೇಕಿಲ್ಲ.

ಗೆದ್ದ ಮೇಲೆ

ಹೊಸ ದರ ಮುಂದಿನ ವರ್ಷದ ಬಿಲ್‌ನಲ್ಲಿ ಕಾಣಿಸುತ್ತದೆ. ಶಾಲೆ, ಬಂದರು, ಗ್ರಂಥಾಲಯ ಇತ್ಯಾದಿ ಸಾಲುಗಳ ನಡುವೆ ಇಎಂಎಸ್ ಅಂತ ಹುಡುಕಿ. ಅರ್ಧ ಏಪ್ರಿಲ್ 30ರೊಳಗೆ, ಉಳಿದರ್ಧ ಅಕ್ಟೋಬರ್ 31ರೊಳಗೆ. ಸಾಲ ಇದ್ದರೆ ಸಾಮಾನ್ಯವಾಗಿ ಬ್ಯಾಂಕೇ ಕಂತಿನ ಜೊತೆ ಹಿಡಿದು ಕಟ್ಟುತ್ತದೆ, ಆದರೂ ಬಿಲ್ ತೆಗೆದು ನೋಡಿ. ಮನೆ ನಿಮ್ಮ ಹೆಸರಿನಲ್ಲಿದ್ದು, ವಯಸ್ಸು 61 ತುಂಬಿ, ಆದಾಯ ಕಡಿಮೆ ಇದ್ದರೆ ರಿಯಾಯಿತಿ ಉಂಟು. ತಾನಾಗಿ ಬರುವುದಿಲ್ಲ, ಅಸೆಸರ್ ಕಚೇರಿಗೆ ಅರ್ಜಿ ಹಾಕಬೇಕು.