ನೋವು ಇಳಿದ ಮೇಲೆ ಮತ್ತೆ ಓಡುವುದು ಹೇಗೆ?

ಗಾಯಗೊಂಡ ಓಟಗಾರರು ಆಸ್ಟಿಯೋಪತಿ ಚಿಕಿತ್ಸೆ ತಗೊಂಡು ಹಗುರಾಗಿ ಎದ್ದು ಬರುತ್ತಾರೆ. ಮರುದಿನವೇ ಹಳೆಯ ವೇಗದಲ್ಲಿ ಓಡುತ್ತಾರೆ. ನೋವು ವಾಪಸ್. ಆಮೇಲೆ ಬೈಗುಳ ಚಿಕಿತ್ಸೆ ಕೊಟ್ಟವರಿಗೆ! ಇದನ್ನು ನೋಡಿ ನೋಡಿ ಸಾಕಾಗಿದೆ.

ಕೈಯಿಂದಲೇ ಸ್ನಾಯು ಸಡಿಲಿಸಿ, ಕೀಲು ಆಡಿಸುವ ಈ ಪದ್ಧತಿಯನ್ನು 1874ರಲ್ಲಿ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಶುರುಮಾಡಿದರು. ಬಿಗಿತ, ನೋವು ಕೆಲವು ದಿನ ಇಳಿಯಬಹುದು. ಆದರೆ ಓಟದ ಗಾಯವನ್ನು ಇದೊಂದೇ ವಾಸಿ ಮಾಡುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನೋವು ಇಳಿದಿರುವ ಆ ದಿನಗಳಲ್ಲಿ ವ್ಯಾಯಾಮ ಮಾಡಬೇಕು.

1. ಮೊದಲು ಡಾಕ್ಟರ್ ಬೇಕಾ ನೋಡಿ. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಷ್ಟು ಒಂದೇ ಕಡೆ ನೋವು, ರಾತ್ರಿಯೂ ನೋವು ಇದ್ದರೆ ಸಣ್ಣ ಬಿರುಕಿರಬಹುದು. ಶುರುವಿನ ವಾರಗಳಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾದೀತು. ಮೀನಖಂಡ ಊದಿ ಬಿಸಿಯಾಗಿದ್ದರೆ, ಹಿಮ್ಮಡಿ ಹಿಂದೆ 'ಟಪ್' ಅಂದಿದ್ದರೆ ಕಾಯಬೇಡಿ. ಇಂಥ ಕಾಲನ್ನು ಯಾರ ಕೈಗೂ ಒತ್ತಲು ಕೊಡಬೇಡಿ.

2. ಚಿಕಿತ್ಸೆಗೆ ಹೋಗಿ. ಕಳೆದ ತಿಂಗಳ ಓಟದ ಲೆಕ್ಕ, ಸವೆದ ಶೂ ಎರಡನ್ನೂ ಒಯ್ಯಿರಿ. "ಮೂಳೆ ಜಾರಿದೆ, ಕೂರಿಸ್ತೀನಿ" ಅಂತ ಹೇಳಿ ಹತ್ತು ಭೇಟಿಗೆ ಮುಂಗಡ ಕೇಳಿದರೆ ಸುಮ್ನೆ ಎದ್ದು ಬನ್ನಿ.

3. ಕಾಲು ಗಟ್ಟಿಮಾಡಿ. ಹಿಮ್ಮಡಿಯ ಮೇಲ್ಭಾಗದ ಅಕಿಲಿಸ್ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಸ್ನಾಯುರಜ್ಜು) ನೋವಿಗೆ ಮೆಟ್ಟಿಲಿನ ಅಂಚೇ ಸಾಕು. ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಿ, ನೋವಿರುವ ಕಾಲೊಂದರ ಮೇಲೆ ನಿಧಾನವಾಗಿ ಇಳಿಸಿ. 15ರಂತೆ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ. ನೋವು ಅಕಿಲಿಸ್ ಹಿಮ್ಮಡಿ ಮೂಳೆಗೆ ಅಂಟಿಕೊಂಡ ಜಾಗದಲ್ಲಿದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಡಿ.

4. ಓಟಕ್ಕೆ ಮರಳಿ. ಎಲ್ಲರೂ ಎಡವುವುದು ಇಲ್ಲೇ. ಉಸಿರು ಬೇಗ ಪಳಗುತ್ತದೆ, ಮೂಳೆಗೂ ಸ್ನಾಯುರಜ್ಜಿಗೂ ವಾರಗಟ್ಟಲೆ ಬೇಕು. ಹಾಗಾಗಿ "ಸುಸ್ತೇ ಆಗಲಿಲ್ಲ" ಅನ್ನುವುದು ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋಯಬಾರದು. ಒಂಟಿಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋಯಬಾರದು. ಇವೆರಡೂ ಆದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ 20 ನಿಮಿಷ, ದಿನ ಬಿಟ್ಟು ದಿನ.

ತೀರ್ಪು ಕೊಡುವುದು ಮರುದಿನ ಬೆಳಗಿನ ಮೊದಲ ಹೆಜ್ಜೆಗಳು. ಹಾಸಿಗೆಯಿಂದ ಎದ್ದಾಗ ನೋವು ನಿನ್ನೆಯಷ್ಟೇ ಇದ್ದರೆ ಮುಂದುವರಿಯಿರಿ. ಜಾಸ್ತಿಯಾಗಿದ್ದರೆ ಹಿಂದಿನ ಹಂತಕ್ಕೆ ಇಳಿಯಿರಿ. ಓಡುವಾಗಲೇ ಕುಂಟು ಬಂದರೆ ಅಲ್ಲಿಗೇ ನಿಲ್ಲಿಸಿ, ಮನೆ ಎಷ್ಟೇ ದೂರವಿರಲಿ. ಮೊದಲು ಸಮಯ ಹೆಚ್ಚಿಸಿ, ಆಮೇಲೆ ವೇಗ, ಕೊನೆಗೆ ಏರುದಾರಿ. ಒಂದೇ ವಾರದಲ್ಲಿ ಎರಡು ಬೇಡ. ದೂರ ಅಳೆಯುವ ವಾಚನ್ನು ಮನೆಯಲ್ಲೇ ಬಿಡಿ, ಅದನ್ನು ನೋಡಿದರೆ ಕಾಲು ನಿಲ್ಲಲ್ಲ.

ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ. ನೋವು ಮುಚ್ಚಿಹೋಗುತ್ತದೆ, ದೂರದ ಓಟದಲ್ಲಿ ಕಿಡ್ನಿಗೂ ಕುತ್ತು. ಸ್ಪ್ರೇಯದ್ದೂ ಬರೀ ತಂಪು.

5. ಮತ್ತೆ ಬಾರದಂತೆ. ಶೂ ಹಿತವಾಗಿದ್ದರೆ ಸಾಕು, ಪಾದ ಸ್ಕ್ಯಾನ್ ಮಾಡಿ ಮಾರುವ ದುಬಾರಿ ಅಟ್ಟೆ ಬೇಕಿಲ್ಲ. ಮಂಡಿ ನೋವು ಮರುಕಳಿಸುತ್ತಿದ್ದರೆ ವೇಗ ಅಷ್ಟೇ ಇಟ್ಟು ಹೆಜ್ಜೆ ಗಿಡ್ಡ ಮಾಡಿ. ನಿಮಿಷಕ್ಕೆ 160 ಹೆಜ್ಜೆ ಇದ್ದರೆ 168ಕ್ಕೆ ಏರಿಸಿ ನೋಡಿ. ಮಂಡಿಯ ಮೇಲಿನ ಭಾರ ಇಳಿಯುತ್ತದೆ.